ಎಕರೆ, ಗುಂಟೆ ಮತ್ತು ಒಂದು ಚುಕ್ಕಿ

ಇವತ್ತು ಬೆಳಿಗ್ಗೆ ಮೊಬೈಲಿನಲ್ಲಿ ಬಸ್ ಟಿಕೆಟ್ ತೆಗೆಯಲು ಕೂತಿದ್ದೆ. ವಯಸ್ಸಿನ ಖಾನೆಯಲ್ಲಿ ‘ಎಪ್ಪತ್ತಾರು’ ಎಂದು ಅಕ್ಷರದಲ್ಲೇ ಬರೆದೆ. ಚೆಕ್ಕಿನಲ್ಲಿ ಮೊತ್ತವನ್ನು ಅಕ್ಷರದಲ್ಲಿ ಬರೆದು ಪಳಗಿದ ಕೈ. ಕೆಳಗೆ ಕೆಂಪು ಸಾಲು ಮೂಡಿತು: ‘ಅಂಕಿಯಲ್ಲಿ ಬರೆಯಿರಿ.’ ಸಿಟ್ಟು ಮಾಡಲು ನನಗೆ ಹಕ್ಕಿಲ್ಲ ನೋಡಿ. ಅಂಥದೇ ಒಂದು ಸಾಲನ್ನು ಹಡಗಲಿಯಲ್ಲಿ ಹೇಳಿ ಬರೆಸಿದವನು ನಾನೇ.

ಆಗ ನಾನು ಮೇಷ್ಟರಿಕೆಯಿಂದ ನಿವೃತ್ತನಾಗಿ ಮಲ್ಲಿಗೆ ಬೆಳೆಗಾರರ ಸಂಘದ ಕಾರ್ಯದರ್ಶಿಯಾಗಿದ್ದೆ. ಐದಕ್ಕೆ ಸರಿಯಾಗಿ ಕಚೇರಿಗೆ ಬೀಗ. ನನ್ನನ್ನು ನೋಡಿ ಪಕ್ಕದ ಹೋಟೆಲಿನವನು ಗಡಿಯಾರ ತಿದ್ದಿಕೊಳ್ಳುತ್ತಿದ್ದ. ಹನಿ ನೀರಾವರಿ ಪೈಪಿನ ಅರ್ಜಿಗಳನ್ನು ವೆಬ್‌ಸೈಟಿಗೆ ತಂದದ್ದೂ ನನ್ನ ಹುರುಪೇ. ಅದನ್ನು ಕಟ್ಟಿಕೊಟ್ಟವಳು ಕಂಪ್ಯೂಟರ್ ಅಂಗಡಿಯ ಶಾರದಾ, ನನ್ನ ಹಳೆಯ ವಿದ್ಯಾರ್ಥಿನಿ.

ಅರ್ಜಿಗಳ ಪಟ್ಟಿಯನ್ನು ಇಲಾಖೆಗೆ ಕಳಿಸಬೇಕಾದ ಕೊನೆಯ ದಿನ ಮಧ್ಯಾಹ್ನ ಇಟ್ಟಿಗಿ ಊರಿನ ಹಾಲಮ್ಮ ಅರ್ಜಿಯ ಚೀಟಿ ಹಿಡಿದು ಬಂದಳು.

“ಮೇಷ್ಟ್ರ, ನಮ್ಮ ಹೊಲ ಯಾರ ಹೊಟ್ಟಿಗೆ ಹೋತ್ರಿ?”

ಅವಳದು ಒಂದು ಎಕರೆ ಮೂವತ್ತೈದು ಗುಂಟೆ. ನಮ್ಮ ಕಡೆ ಎಲ್ಲರೂ ಬರೆಯುವಂತೆ 1.35 ಎಂದು ಬರೆಸಿದ್ದಳು. ವೆಬ್‌ಸೈಟ್ ಕೊಟ್ಟ ಚೀಟಿಯಲ್ಲಿ ಒಂದು ಎಕರೆ ಹದಿನಾಲ್ಕು ಗುಂಟೆ ಎಂದಿತ್ತು. ಅಷ್ಟಕ್ಕೇ ಪೈಪು ಬಂದರೆ ಅವಳು ಹೊಸದಾಗಿ ನೆಟ್ಟ ಸಾಲುಗಳಿಗೆ ನೀರಿಲ್ಲ.

ಶಾರದಾಳನ್ನು ಕರೆಸಿದೆ. ಪರದೆ ನೋಡಿ ಹಣೆ ಚಚ್ಚಿಕೊಂಡಳು. “ಚುಕ್ಕಿ ಕಂಡ್ರ ಯಂತ್ರ ದಶಾಂಶ ಅಂತ ತಿಳಕೊಂಡೈತಿ ಸರ್. ನೂರರಾಗ ಮೂವತ್ತೈದು ಅಂತ ಲೆಕ್ಕ ಹಾಕೈತಿ. ನಮ್ಮದು ಎಕರೆಗೆ ನಲವತ್ತು ಗುಂಟಿ.”

“ಹಂಗಾದ್ರ ದಶಾಂಶದಾಗ ಬರಿಯಾಕ ಜನಕ್ಕ ಕಲಿಸೋಣ” ಎಂದೆ. ಮೇಷ್ಟರ ಬುದ್ಧಿ ಎಲ್ಲಿಗೆ ಹೋದೀತು!

“ಕಲಿಸ್ರಿ, ಅಲ್ಲಿತನಕ ನನ್ನ ಗಿಡ ನೀರು ಬಿಟ್ಟು ನಿಮ್ಮ ಪಾಠ ಕುಡೀತಾವ” ಎಂದಳು ಹಾಲಮ್ಮ.

ಶಾರದಾ ಖಾನೆಯನ್ನು ಎರಡು ಮಾಡಿದಳು: ಎಕರೆಗೊಂದು, ಗುಂಟೆಗೊಂದು. ತಪ್ಪಿ ಬರೆದವರಿಗೆ ಕಾಣುವ ಕೆಂಪಕ್ಷರದ ಸಾಲನ್ನು ನಾನು ಹೇಳಿ ಬರೆಸಿದೆ: ‘ಗುಂಟೆ ನಲವತ್ತಕ್ಕಿಂತ ಕಡಿಮೆ ಇರಬೇಕು.’ ಆದರೆ ಆಗಲೇ ತುಂಬಿದ ಅರ್ಜಿಗಳು? ಒಂದರಲ್ಲಿ 1.5 ಎಂದಿತ್ತು.

“ಇದು ಒಂದೂವರಿ ಎಕರೆನೋ, ಒಂದು ಎಕರೆ ಐದು ಗುಂಟಿನೋ? ಬರದವ್ರನ್ನ ಕೇಳಬೇಕ್ರಿ” ಎಂದಳು ಶಾರದಾ.

ಐದು ಹೊಡೆಯಿತು. ಹಾಲಮ್ಮನದು ಸರಿಯಾಗಿತ್ತು, ಅವಳು ಹೊರಡಬಹುದಿತ್ತು. ಬದಲಿಗೆ ಸಂಘದ ಫೋನು ಎಳೆದುಕೊಂಡು ಕೂತಳು.

“ಲೇ ಬಸ್ಯಾ, ನಿನ್ನ ಹೊಲ ಎಷ್ಟಲೇ? ನೆನಪಿಲ್ಲೇನು? ಹೆಂಡ್ತಿಗೆ ಕೊಡು ಫೋನು, ಆಕಿಗೆ ಗೊತ್ತಿರ್ತತಿ.”

ನಾನು ಬೀಗದ ಕೈ ಜೇಬಿಗೆ ಹಾಕಿ ಅವಳು ಹೇಳಿದ್ದನ್ನು ಬರೆದುಕೊಂಡೆ. ಬೀದಿದೀಪ ಹತ್ತಿದ ಮೇಲೆ ಪಟ್ಟಿ ಹೋಯಿತು. ಹೋಟೆಲಿನವನು ಆ ದಿನ ತನ್ನ ಗಡಿಯಾರವನ್ನೇ ಅನುಮಾನಿಸಿದನಂತೆ. ಪೈಪು ಮಾತ್ರ ಎಲ್ಲರ ಹೊಲದ ತುದಿ ಮುಟ್ಟಿತು.

ಇವತ್ತು ಸಂಜೆ ಇಟ್ಟಿಗಿಗೆ ಹೋಗಿದ್ದೆ. ಹಾಲಮ್ಮ ಗಿಡಗಳ ನಡುವೆ ಬಾಗಿ ಮೊಗ್ಗು ಬಿಡಿಸುತ್ತಿದ್ದಳು.

“ಈಗ ಹೊಲ ಎಷ್ಟೈತವ್ವಾ?” ಎಂದೆ.

“ನೀವು ಯಾವ ಖಾನ್ಯಾಗ ಬರಕೊಂತೀರಿ ಅನ್ನೋದರ ಮ್ಯಾಲೈತ್ರಿ!”

ಬರೆದುಕೊಳ್ಳಲು ನನ್ನಲ್ಲಿ ಪೆನ್ನೂ ಇರಲಿಲ್ಲ. ಅವಳ ಹಿಂದೆ ಕೊನೆಯ ಸಾಲಿನವರೆಗೂ ನಡೆದು ನೋಡಿ ಬಂದೆ.