ಕ್ಯಾಸೆಟ್ಟಿನ ಕೊನೆಯಲ್ಲಿ ಉಳಿದ ಜಾಗ

ಗುಬ್ಬಿ ಬಸ್‌ಸ್ಟ್ಯಾಂಡಿನೆದುರು ಹಾಡು ತುಂಬಿಸಿಕೊಡುತ್ತಿದ್ದವರು ಖಾಲಿ ಕ್ಯಾಸೆಟ್ಟನ್ನು ಮೊದಲು ಕಿವಿಯ ಹತ್ತಿರ ಅಲ್ಲಾಡಿಸುತ್ತಿದ್ದರು. ಆಗ ಎಲ್ಲೆಲ್ಲೂ ಮಾರಾಟವಾಗುತ್ತಿದ್ದ ಸಾಫ್ಟ್ ರಾಕ್ ತಂಡವೊಂದರ ಇಂಗ್ಲಿಷ್ ಆಲ್ಬಮ್ಮನ್ನು ನಾನು ತುಂಬಿಸಿಕೊಂಡದ್ದು ಅವರಲ್ಲೇ. ಕೊನೆಯಲ್ಲಿ ಟೇಪ್ ಉಳಿದಾಗ ಹನುಮಂತನ ಭಜನೆಯೊಂದನ್ನು ಸೇರಿಸಿದರು.

“ಇದ್ಯಾಕಣ್ಣ?”

“ಖಾಲಿ ಬುಟ್ರೆ ಟೇಪು ದಂಡ ಕಣಪ್ಪ.” ಎಲ್ಲರಿಗೂ ಅದೇ ಮಾತು.

ಇನ್ನೊಮ್ಮೆ ಇಂಗ್ಲಿಷ್ ಹಾಡು ಕೇಳಿಸಿದರೆ ಟೇಪ್‌ರೆಕಾರ್ಡರ್ ಮಾರಿಬಿಡುತ್ತೇನೆಂದು ಅಪ್ಪ ಹೇಳಿದ್ದರು. ಒಂದು ಸಂಜೆ ಅವರು ಏಕಾಏಕಿ ಒಳಗೆ ಬಂದಾಗ ಆಲ್ಬಮ್ ಮುಗಿದು ಭಜನೆ ಶುರುವಾಗಿತ್ತು. ಹಾಗೆಂದು ನನ್ನ ನೆನಪು. ಕೊನೆಯ ಗಿಟಾರ್ ಅವರ ಕಿವಿಗೆ ಬಿದ್ದಿತ್ತೋ ಏನೋ.

“ಸೌಂಡ್ ಸ್ವಲ್ಪ ಜಾಸ್ತಿ ಮಾಡು ಕಣ್ಲಾ” ಎಂದರು. ಟೇಪ್‌ರೆಕಾರ್ಡರ್ ಮನೆಯಲ್ಲೇ ಉಳಿಯಿತು.

ಆಮೇಲೆ ತುಮಕೂರಿನಲ್ಲಿ ಅದೇ ಆಲ್ಬಮ್ಮಿನ ಸಿ.ಡಿ. ಕೊಂಡೆ. ಕೊನೆಯ ಹಾಡಿನ ನಂತರ ಅದರಲ್ಲಿ ಏನೂ ಇಲ್ಲ. ಆದರೂ ಭಜನೆಗೆ ಕಾಯುತ್ತೇನೆ.