ಊರ ಹೊರಗೆ ಎದ್ದ ಹೊಗೆ

ಲಕ್ಕಮ್ಮನ ಮಕ್ಕಳಾದ ನಿಮ್ಮೆಲ್ಲರಿಗೂ ಚಿತ್ತವಾಡ್ಗಿಯಿಂದ ಶರಣು.

ಹೋದ ವರ್ಷ ಆಷಾಢದ ಒಂದು ಮಂಗಳವಾರ, ಬೆಳಿಗ್ಗೆ ಹನ್ನೊಂದೂವರೆ. ಅಕ್ಕಿ ಆರಿಸುತ್ತ ಕುಳಿತಿದ್ದೆ. ನನ್ನ ತಮ್ಮ ಶಿವಪ್ಪನ ಜೊತೆ ಕೆಲಸ ಮಾಡುವವರೊಬ್ಬರ ಫೋನ್ ಬಂತು. ಶಿವಪ್ಪ ಸಂಡೂರು ಗುಡ್ಡಗಳ ಅಳತೆ ತೆಗೆಯುವ ಸಣ್ಣ ವಿಮಾನದಲ್ಲಿ ಯಂತ್ರ ನೋಡಿಕೊಳ್ಳುವವನು. ಅದರಲ್ಲಿ ಹೋಗುವುದು ಇಬ್ಬರೇ, ಪೈಲಟ್ ಮತ್ತು ಅವನು.

“ಅಕ್ಕಾರ, ಗಾಬರಿ ಆಗಬ್ಯಾಡ್ರಿ. ಗುಡ್ಡದ ಮ್ಯಾಲೆ ಮೋಡ ಕವಿದೈತಿ. ಒಂದು ತಾಸಾತು, ವಿಮಾನದಿಂದ ಮಾತಿಲ್ಲ.”

ನಮ್ಮ ತವರು ಆ ಗುಡ್ಡದ ಬುಡದಲ್ಲೇ. ಅವ್ವನಿಗೆ ಫೋನ್ ಹಚ್ಚಿದರೆ ಹತ್ತಲಿಲ್ಲ. ಆಗ ನೆನಪಾಯಿತು, ಅವತ್ತು ಊರಲ್ಲಿ ಗುಳೇ. ಊರದೇವತೆ ಲಕ್ಕಮ್ಮನ ಹೆಸರಿನಲ್ಲಿ ವರ್ಷಕ್ಕೊಂದು ದಿನ ಇಡೀ ಊರು ಮನೆಗಳಿಗೆ ಬೀಗ ಹಾಕಿ, ದನಕರು ಹೊಡೆದುಕೊಂಡು ಬಯಲಿಗೆ ಹೋಗುತ್ತದೆ. ಅಡುಗೆ, ಊಟ ಅಲ್ಲೇ. ಹೊತ್ತು ಮುಳುಗುವ ತನಕ ಊರೊಳಗೆ ಒಲೆ ಹಚ್ಚುವಂತಿಲ್ಲ.

ಹಿಂದಿನ ಸಂಜೆ ಫೋನಿನಲ್ಲಿ ಅವ್ವನ ಜೊತೆ ಇದೇ ಜಗಳ ತೆಗೆದಿದ್ದೆ. “ನಿನಗ ಮೊಣಕಾಲ ನೋವು. ಮನ್ಯಾಗ ಒಂದು ಒಲಿ ಹಚ್ಚಿದ್ರ ಲಕ್ಕಮ್ಮ ಬಂದು ಇಣುಕ್ತಾಳೇನು?”

“ಅಕಿ ಇಣುಕ್ತಾಳೋ ಬಿಡ್ತಾಳೋ, ನಾ ಹಚ್ಚಂಗಿಲ್ಲ. ಬಾವಿ ಹಿಂದಿನ ಬಯಲಿಗೆ ಹೊಂಟೀವಿ” ಎಂದಳು ಅವ್ವ.

ಅವ್ವನ ಪಕ್ಕದಲ್ಲಿದ್ದ ಶಿವಪ್ಪ ನಕ್ಕ. “ಹೋಳಿಗಿ ಮಾಡಬೇ ಅವ್ವ, ಮ್ಯಾಲಿಂದ ಇಳದು ಬರ್ತೀನಿ.”

ಆ ಮಾತೇ ಕಿವಿಯಲ್ಲಿ ಕೊರೆಯುತ್ತಿತ್ತು. ನಾನು, ನಮ್ಮ ಮನೆಯವರು ಸಂಡೂರು ಬಸ್ಸು ಹತ್ತಿದೆವು. ಸೀಟಿದ್ದರೂ ಕೂರಲಾಗಲಿಲ್ಲ. “ಕುಂದ್ರು, ನೀ ನಿಂತ್ರ ಬಸ್ ಜಲ್ದಿ ಹೋಗ್ತೈತೇನು?” ಎಂದರು. ಮುಂದಿನ ಸೀಟಿನವನು ಯಾರಿಗೋ ಫೋನಿನಲ್ಲಿ, “ವಿಮಾನ ಗುಡ್ಡಕ್ಕ ಬಡದೈತಂತ. ಉಳಿಯೂದು ಡೌಟು” ಎನ್ನುತ್ತಿದ್ದ. ಸೀಟಿನ ಅಂಚಿಗೆ ಕುಳಿತು ಕಣ್ಣು ಮುಚ್ಚಿದೆ. ದಿನಾ ಹೇಳುವ ಮಂತ್ರ ನೆನಪಿಗೆ ಬರಲಿಲ್ಲ. “ಲಕ್ಕವ್ವ, ನಾಲಿಗೆ ಹರಿಬಿಟ್ಟವಳು ನಾನು, ಅವನಲ್ಲ” ಎಂದಷ್ಟೇ ಮತ್ತೆ ಮತ್ತೆ ಅಂದುಕೊಂಡೆ.

ಸಂಡೂರು ಹತ್ತಿರ ಬಂದಾಗ ಗುರುತಿಲ್ಲದ ನಂಬರಿನಿಂದ ಫೋನ್. ಎತ್ತಿದೆ.

“ಅಕ್ಕ, ನಾನು. ಆಸ್ಪತ್ರ್ಯಾಗ ಅದೀನಿ. ಹೇಳಿದಂಗ ಮ್ಯಾಲಿಂದ ಇಳದು ಬಂದ್ಯಾ ಅಂತ ಅವ್ವ ಬೈಯಾಕತ್ತಾಳ.”

ಶಿವಪ್ಪನ ಹೆಗಲ ಎಲುಬು ಮುರಿದಿತ್ತು. ಪೈಲಟ್ ಹಣೆಗೆ ಹೊಲಿಗೆ ಬಿದ್ದಿತ್ತು. ನಡೆದದ್ದನ್ನು ಅವರೇ ಹೇಳಿದರು. ಎಂಜಿನ್ ಕೈಕೊಟ್ಟು ಮೋಡದಿಂದ ಕೆಳಗಿಳಿದಾಗ ಸುತ್ತಲೂ ಗುಡ್ಡ, ಬಂಡೆ. ಒಂದು ಕಡೆ ಹೊಗೆ ಕಂಡಿತಂತೆ. ಹೊಗೆ ಎಂದರೆ ಮನೆಗಳು, ಜನ ಸಾಯುತ್ತಾರೆಂದು ಅವರು ಬಂಡೆಗಳ ಕಡೆಗೇ ತಿರುಗಿಸುತ್ತಿದ್ದರು. ಆಗ ನನ್ನ ತಮ್ಮ ಕೂಗಿದನಂತೆ: “ಸರ್, ಇವತ್ತು ನಮ್ಮೂರಾಗ ಹೊಗಿ ಏಳಂಗಿಲ್ಲ. ಹೊಗಿ ಎದ್ದಲ್ಲೇ ಬಯಲೈತಿ, ತಿರುಗಸ್ರಿ.”

ಒಲೆಗಳೆಲ್ಲ ಹುಣಸೆಮರಗಳ ಕೆಳಗೆ, ಬಯಲಿನ ಒಂದು ಅಂಚಿಗೆ. ವಿಮಾನ ಇನ್ನೊಂದು ತುದಿಯಲ್ಲಿ ಇಳಿದು, ಬದುವಿಗೆ ಬಡಿದು ಚಕ್ರ ಮುರಿದುಕೊಂಡು ನಿಂತಿತು. ಒಳಗಿರುವುದು ತನ್ನ ಮಗನೆಂದು ತಿಳಿಯದೆ ಅವ್ವ ನೋಯುವ ಕಾಲಲ್ಲೇ ಎಲ್ಲರ ಹಿಂದೆ ಓಡಿದ್ದಳು.

ಆಸ್ಪತ್ರೆಯಲ್ಲಿ ಅವ್ವನ ಸೆರಗಿಗೆ ಇನ್ನೂ ಕಟ್ಟಿಗೆಯ ಹೊಗೆ ವಾಸನೆಯಿತ್ತು. ಅದರಲ್ಲಿ ಮುಖವಿಟ್ಟು ಅತ್ತೆ.

ಈಗಲೂ ವಿಮಾನದ ಸದ್ದಾದರೆ ಕೈಯಲ್ಲಿನ ಕೆಲಸ ಬಿಟ್ಟು ಅಂಗಳಕ್ಕೆ ಬರುತ್ತೇನೆ. ಈ ವರ್ಷ ಗುಳೇ ದಿನ ಮನೆಗೆ ಬೀಗ ಹಾಕಿ ತವರಿಗೆ ಹೋದೆ. ಬಯಲಿನಲ್ಲಿ ಮೊದಲ ಒಲೆಗೆ ನಾನೇ ಬೆಂಕಿ ಕೊಟ್ಟೆ. ಹಸಿ ಕಟ್ಟಿಗೆ, ಹೊಗೆಗೆ ಕಣ್ಣು ಉರಿಯಿತು. ಇನ್ನಷ್ಟು ಏಳಲಿ ತಾಯಿ, ದೂರದವರಿಗೂ ಕಾಣಲಿ ಎಂದೆ.