ದಯಾಮಣಿಯಮ್ಮ ಮಾಡದ ಪ್ರಾರ್ಥನೆ

ದಯಾಮಣಿಯಮ್ಮನನ್ನು ಕಂಡರೆ ನನಗೆ ಆಗುವುದಿಲ್ಲ. ಮೊದಲೇ ಹೇಳಿಬಿಡುತ್ತೇನೆ, ಇವಳೇನೋ ಹೊಗಳಲು ಕೂತಿದ್ದಾಳೆ ಎಂದು ಯಾರೂ ಅಂದುಕೊಳ್ಳುವುದು ಬೇಡ. ಅವರಿಗೂ ನನ್ನನ್ನು ಕಂಡರೆ ಆಗುವುದಿಲ್ಲ. ಸಿಟಿ ಬಸ್ಸಿನಲ್ಲಿ ಎದುರಾದರೆ ಅವರು ಕಿಟಕಿಯ ಕಡೆ ತಿರುಗುತ್ತಾರೆ, ನಾನು ಮೊಬೈಲು ತೆಗೆಯುತ್ತೇನೆ. ವಯಸ್ಸಿನಲ್ಲಿ ನನಗಿಂತ ಇಪ್ಪತ್ತೈದು ವರ್ಷ ದೊಡ್ಡವರಾದ್ದರಿಂದ ಬಹುವಚನದಲ್ಲಿ ಬರೆಯುತ್ತಿದ್ದೇನೆ. ಮನಸ್ಸಿನಲ್ಲಿ ಏಕವಚನವೇ ಇದೆ.

ಬನ್ನಿಮಂಟಪದ ಕಡೆ ಎರಡು ಕೋಣೆಯ ಮನೆಯಲ್ಲಿ ಒಬ್ಬರೇ ಇದ್ದಾರೆ. ಅಪ್ಪ ಮಿಷನ್ನಿನವರ ಬಂಗಲೆಯಲ್ಲಿ ಮಾಲಿಯಾಗಿದ್ದವರು. ಹತ್ತೊಂಬತ್ತಕ್ಕೆ ಮದುವೆ, ಇಪ್ಪತ್ತೆರಡಕ್ಕೆ ಗಂಡ ಬಿಟ್ಟು ಹೋದ. ಕಂಕುಳಲ್ಲಿ ಹೆಣ್ಣು ಕೂಸು ಇಟ್ಟುಕೊಂಡು ಒಂದು ಆಸ್ಪತ್ರೆಯಲ್ಲಿ ಆಯಾ ಕೆಲಸಕ್ಕೆ ಸೇರಿದರು. ಮೂವತ್ತೊಂದು ವರ್ಷ ಬೇರೆಯವರ ಮಲಮೂತ್ರ ಬಳಿದರು, ಹುಣ್ಣು ತೊಳೆದರು, ಸತ್ತವರ ಕಣ್ಣು ಮುಚ್ಚಿದರು. ಮಗಳು ಕೊಳ್ಳೇಗಾಲದಲ್ಲಿದ್ದಾಳೆ, ವರ್ಷಕ್ಕೊಮ್ಮೆ ಬರುತ್ತಾಳೆ, ಎರಡನೇ ದಿನವೇ ಅಮ್ಮನ ಬಾಯಿ ತಾಳಲಾರದೆ ವಾಪಸು ಹೋಗುತ್ತಾಳೆ. ಊರಿಗೆ ಉಪಕಾರಿ, ಮನೆಗೆ ಮಾರಿ ಅನ್ನುವುದು ಇಂಥವರಿಗೇ. ಇದನ್ನೆಲ್ಲ ಅವರು ನನಗೆ ಹೇಳಿದ್ದಲ್ಲ. ನನ್ನ ಅತ್ತೆಗೆ ಹೇಳುವಾಗ ನಾನು ಹೊಲಿಗೆ ಮೆಷಿನ್ನು ನಿಲ್ಲಿಸಿ ಕೇಳಿಸಿಕೊಂಡಿದ್ದು.

ಅವರ ಚರ್ಚಿನಲ್ಲಿ ಹೆಂಗಸರದೊಂದು ಅನ್ಯೋನ್ಯ ಕೂಟವಿದೆ. ಪ್ರತಿ ಡಿಸೆಂಬರಿನಲ್ಲಿ ಒಂದೇ ಬಣ್ಣದ ಸೀರೆಯುಟ್ಟು, ಬ್ಯಾನರ್ ಹಿಡಿದು, ಬಡವರ ಬೀದಿಗಳಿಗೆ ಹೋಗಿ ಕಂಬಳಿ, ಕೇಕು, ಕಜ್ಜಾಯ ಹಂಚಿ ಫೋಟೋ ತೆಗೆಸಿಕೊಳ್ಳುತ್ತಿದ್ದರಂತೆ. ಹೊಸ ವರ್ಷದ ಮಾರನೇ ದಿನ ಬ್ಯಾನರು ಬೀರುವಿನ ಮೇಲೆ. ಒಂದು ಸಲ ಜನವರಿಯ ಮೀಟಿಂಗಿನಲ್ಲಿ ದಯಾಮಣಿಯಮ್ಮ ಎದ್ದು ನಿಂತು, "ಕ್ರಿಸ್ಮಸ್ ಮುಗಿದ್ರೆ ಜನಕ್ಕೆ ಕಾಯ್ಲೆ ನಿಂತೋಯ್ತದಾ?" ಎಂದು ಕೇಳಿದರಂತೆ. ಹಾಗಾದರೆ ನೀವೇ ಮಾಡಿ ಎಂದು ಅಧ್ಯಕ್ಷೆ ಅವರ ತಲೆಗೇ ಕಟ್ಟಿದರು. ಹಾಸಿಗೆ ಹಿಡಿದವರ ಮನೆಗಳಿಗೆ ವರ್ಷಪೂರ್ತಿ ಹೋಗುವ ಕೆಲಸ. ಮೊದಲ ವಾರ ಆರು ಹೆಂಗಸರು ಜೊತೆಗಿದ್ದರು, ಮೂರನೇ ವಾರಕ್ಕೆ ಇಬ್ಬರು ಉಳಿದರು. ಪ್ರತಿ ಭೇಟಿಗೂ ಒಂದು ಫಾರಂ ತುಂಬಬೇಕಿತ್ತು. ಅದರಲ್ಲಿ "ಪ್ರಾರ್ಥನೆ ಮಾಡಲಾಯಿತೇ?" ಎಂಬ ಕಡೆ ದಯಾಮಣಿಯಮ್ಮ ಯಾವಾಗಲೂ ಒಂದು ಗೀಟು ಎಳೆದು ಕೊಡುತ್ತಿದ್ದರು. ಕೂಟದವರಿಗೆ ಅದೇ ದೊಡ್ಡ ಅಸಮಾಧಾನ. ಪ್ರಾರ್ಥನೆ ಇಲ್ಲದ ಮೇಲೆ ಅದು ನರ್ಸಮ್ಮನ ಕೆಲಸವಾಯಿತು, ಸೇವೆ ಹೇಗಾಗುತ್ತದೆ ಎಂದು.

ನಮ್ಮದು ಹಿನಕಲ್. ನನ್ನ ಗಂಡ ಸಿದ್ದೇಶ್ ಶಾಲೆಯ ವ್ಯಾನು ಓಡಿಸುತ್ತಾರೆ, ನಾನು ಮನೆಯಲ್ಲೇ ಬ್ಲೌಸು ಹೊಲಿಯುತ್ತೇನೆ. ಅತ್ತೆ ಚೆಲುವಮ್ಮ ಮೂಲೆ ಅಂಗಡಿಯ ಪಕ್ಕ ಸೊಪ್ಪು ಮಾರುತ್ತಿದ್ದವರು. ನನ್ನನ್ನು ಹದಿನಾಲ್ಕು ವರ್ಷ ಗೋಳು ಹೊಯ್ದುಕೊಂಡರು. ಆಮೇಲೆ ಲಕ್ವ ಹೊಡೆದು ಬಲಗಡೆ ಪೂರ್ತಿ ಬಿದ್ದುಹೋಗಿ, ಬಾಯಿ ಸೊಟ್ಟಗಾಗಿ, ನನ್ನ ಕೈಗೆ ಬಂದರು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ಹೊತ್ತಿಗೆ ಸರಿಯಾಗಿ ಊಟ ಕೊಟ್ಟೆ, ಬಟ್ಟೆ ಬದಲಿಸಿದೆ, ಮುಖ ತೊಳೆದೆ. ಮಗ್ಗುಲು ತಿರುಗಿಸಲಿಲ್ಲ. ಭಾರದ ಹೆಂಗಸು, ನನಗೆ ಆರ್ಡರುಗಳಿದ್ದವು, ಮತ್ತೆ ಸಿಟ್ಟೂ ಇತ್ತು. ಸೊಂಟದ ಕೆಳಗೆ ಹುಣ್ಣಾದದ್ದು ಕಂಡಿತು. ಪೌಡರು ಹಾಕಿ ಬಟ್ಟೆ ಮುಚ್ಚಿದೆ. ವಾಸನೆ ಬಂದಾಗ ಊದುಬತ್ತಿ ಹಚ್ಚಿದೆ. ಸಿದ್ದೇಶ್ ದಿನವೂ ತಾಯಿಯ ಮುಖ ನೋಡಿಕೊಂಡು ಕೆಲಸಕ್ಕೆ ಹೋಗುತ್ತಿದ್ದರು. ಮಗನಾದವನು ತಾಯಿಯ ಸೊಂಟ ನೋಡುತ್ತಾನೆಯೆ?

ಬೀದಿಯಲ್ಲಿ ಮಾತ್ರ ನನ್ನದು ಚಿನ್ನದಂಥ ಹೆಸರು. ಎದುರು ಮನೆಯ ಮಂಚಮ್ಮ ತಮ್ಮ ಸೊಸೆಗೆ, "ಚಾಮುಂಡೇಶ್ವರೀನ ನೋಡಿ ಕಲ್ತ್ಕೊ" ಎಂದು ನನಗೆ ಕೇಳುವ ಹಾಗೇ ಬೈಯುತ್ತಿದ್ದರು. ಅದನ್ನು ಕೇಳಿದ ದಿನ ನನಗೆ ಅನ್ನ ರುಚಿಸುತ್ತಿತ್ತು.

ಅತ್ತೆ ಹಾಸಿಗೆ ಹಿಡಿದ ವರ್ಷದ ಡಿಸೆಂಬರಿನಲ್ಲಿ ಕೂಟದ ಹೆಂಗಸರು ನಮ್ಮ ಬೀದಿಗೆ ಕಂಬಳಿ ತಂದರು. ಬಾಗಿಲಲ್ಲೇ ಕಂಬಳಿ ಇಸಿದುಕೊಂಡೆ, ಫೋಟೋಗೆ ನಕ್ಕೆ. ಎಲ್ಲರ ಹಿಂದೆ ನಿಂತಿದ್ದ ದಪ್ಪ ಕನ್ನಡಕದ ಹೆಂಗಸು ಮಾತ್ರ ನಗಲಿಲ್ಲ. ಅವರೇ ದಯಾಮಣಿಯಮ್ಮ. ಮೂಗು ಅರಳಿಸಿ ಗಾಳಿ ಎಳೆದುಕೊಂಡರು.

"ಯಾರ್ಗೆ ಹುಣ್ಣಾಗಿರೋದು?"

"ಯಾರ್ಗೂ ಇಲ್ವಲ್ಲ," ಅಂದೆ.

"ಮೂರು ಊದುಬತ್ತಿ ಯಾಕ್ ಹಚ್ಚಿದ್ದೀಯಾ ಮತ್ತೆ?"

ಚಪ್ಪಲಿ ಬಿಟ್ಟು, ನನ್ನನ್ನು ಪಕ್ಕಕ್ಕೆ ಸರಿಸಿ, ಸೀದಾ ಒಳಗೆ ಹೋದರು. ಹೊದಿಕೆ ಎತ್ತಿದರು. ಅಂಗೈಯಗಲದ ಹುಣ್ಣು, ಮಧ್ಯದಲ್ಲಿ ಕಪ್ಪು. ಅವರು ಹೊಲಿಗೆ ಮೆಷಿನ್ನಿನ ಮೇಲೊಂದು ಕಣ್ಣು ಹಾಯಿಸಿ, ನನ್ನ ಕಡೆ ತಿರುಗಿ ಮೆಲ್ಲಗೆ, "ಬ್ಲೌಸಿನ ಹೊಲಿಗೆ ಒಂದೆಳೆ ಸೊಟ್ಟಗಾದ್ರೆ ಬಿಚ್ಚಿ ಹೊಲೀತೀಯ. ಇದು ಕಾಣ್ಲಿಲ್ವಾ ನಿಂಗೆ?" ಅಂದರು. ಉಳಿದ ಹೆಂಗಸರು ಆ ಹೊತ್ತಿಗೆ ಮುಂದಿನ ಮನೆಗೆ ಹೋಗಿದ್ದರು, ಅದೊಂದೇ ನನ್ನ ಪುಣ್ಯ. ಅವತ್ತಿನಿಂದ ನಾನು ಅವರನ್ನು ದ್ವೇಷಿಸಿದೆ.

ಪ್ರತಿ ಮಂಗಳವಾರ, ಶುಕ್ರವಾರ ಬಂದರು. ಒಂದು ವರ್ಷ. ಆಟೋದಲ್ಲಿ ಅತ್ತೆಯನ್ನು ಆಸ್ಪತ್ರೆಗೆ ಸಾಗಿಸಿ ಕೊಳೆತ ಮಾಂಸ ತೆಗೆಸಿದರು. ಬಿ.ಪಿ. ತೋರಿಸಲು ಹೋಗಿದ್ದೆವು ಎಂದು ನಾನು ಬೀದಿಗೆ, ಸಣ್ಣ ಗಾಯ ಎಂದು ಸಿದ್ದೇಶ್‌ಗೆ ಹೇಳಿದೆ. ಕುದಿಸಿ ಆರಿಸಿದ ಉಪ್ಪುನೀರು, ಬ್ಯಾಂಡೇಜು ಬಟ್ಟೆ, ಎರಡು ಗಂಟೆಗೊಮ್ಮೆ ಮಗ್ಗುಲು. ನನ್ನನ್ನು ವಾರ್ಡಿಗೆ ಹೊಸದಾಗಿ ಸೇರಿದ ಹುಡುಗಿಯ ಹಾಗೆ ದುಡಿಸಿದರು. "ಉಗುರು ಕತ್ತರಿಸು. ಬಳೆ ಮೇಲಕ್ಕೆತ್ತು. ಮುಖ ಸಿಂಡರಿಸ್ಬೇಡ, ಅವರಿಗೆ ಕಾಣ್ತದೆ." ನಮ್ಮ ಮನೆಯಲ್ಲಿ ಒಂದು ಲೋಟ ಕಾಫಿ ಕುಡಿಯಲಿಲ್ಲ. ಆಯಮ್ಮ ತಲೆ ಬಾಚೋಕೆ, ಕೈಕಾಲು ಉಜ್ಜೋಕೆ ಬರುತ್ತಾರೆ ಎಂದು ಮಂಚಮ್ಮನಿಗೆ ಹೇಳಿಟ್ಟಿದ್ದೆ, ಅವರು ಬಂದಾಗ ಬೀದಿ ಕಡೆಯ ಕಿಟಕಿ ಮುಚ್ಚುತ್ತಿದ್ದೆ.

ಅತ್ತೆಯೇನೂ ಕೈಮುಗಿಯಲಿಲ್ಲ. ಮೊದಲ ದಿನವೇ ಸೊಟ್ಟ ಬಾಯಲ್ಲಿ ಉಗಿದರು. "ಕಿ... ಕಿರಸ್ತಾನ್ದೋಳೆ, ಮುಟ್ಬೇಡ."

"ಮುಟ್ದೆ ತೊಳ್ಯೋದು ನಂಗ್ ಬರಲ್ಲ ಕಣಮ್ಮ," ಎಂದು ದಯಾಮಣಿಯಮ್ಮ ಕೆನ್ನೆ ಒರೆಸಿಕೊಂಡು ಕೆಲಸ ಮುಂದುವರಿಸಿದರು.

ಇಬ್ಬರೂ ವಾರಕ್ಕೆರಡು ದಿನ ಜಗಳವಾಡುತ್ತಿದ್ದರು. ಬೈಯಬೇಕೆಂಬ ಹಟಕ್ಕೇ ಅತ್ತೆಗೆ ಮಾತು ತಿರುಗಿತು. ಯುಗಾದಿಯ ಹೊತ್ತಿಗೆ ಪೂರ್ತಿ ವಾಕ್ಯ ಬೈಯುತ್ತಿದ್ದರು. ದಸರಾ ಹೊತ್ತಿಗೆ, ಶುಕ್ರವಾರ ಹತ್ತು ನಿಮಿಷ ತಡವಾದರೆ, "ಎಲ್ಲೋದ್ಲು ಆ ಮೂದೇವಿ?" ಎಂದು ಬಾಗಿಲು ನೋಡುತ್ತಿದ್ದರು. ನನ್ನನ್ನು ಹಾಗೆ ಒಂದು ದಿನವೂ ಕಾದಿರಲಿಲ್ಲ. ಹೊಟ್ಟೆ ಉರಿಯಿತು, ಅದನ್ನೂ ಹೇಳಿಬಿಡುತ್ತೇನೆ.

ಇನ್ನು ಪ್ರಾರ್ಥನೆಯ ಮಾತು. ದಯಾಮಣಿಯಮ್ಮ ನಮ್ಮ ಮನೆಯಲ್ಲಿ ಒಂದು ಸಲವೂ ಕಣ್ಣು ಮುಚ್ಚಲಿಲ್ಲ, ಕೈ ಜೋಡಿಸಲಿಲ್ಲ, ಅವರ ದೇವರ ಹೆಸರೆತ್ತಲಿಲ್ಲ. ಆದರೆ ಹುಣ್ಣು ತೊಳೆಯುವಾಗ ಬಾಯಲ್ಲಿ ಒಂದು ಮಾತು ಇರುತ್ತಿತ್ತು. "ಕೆಂಪಾಗು, ಕೆಂಪಾಗು. ಕಪ್ಪು ಬೇಡ, ಹಳದಿ ಬೇಡ, ಕೆಂಪಾಗು." ಹುಣ್ಣಿನೊಳಗೆ ಕೆಂಪು ಕಂಡರೆ ಹೊಸ ಮಾಂಸ ಬರುತ್ತಿದೆ ಎಂದು ಅರ್ಥವಂತೆ. ಮೂವತ್ತೊಂದು ವರ್ಷ ಹೀಗೇ ಹುಣ್ಣಿನ ಹತ್ತಿರ ಮಾತಾಡಿ ಅಭ್ಯಾಸವಾಗಿತ್ತು. ಹುಣ್ಣು ಮಾತು ಕೇಳಿತು. ಎರಡನೇ ಡಿಸೆಂಬರಿಗೆ ಹುಣಸೆಬೀಜದಷ್ಟು ಉಳಿದಿತ್ತು.

ಅದೇ ಡಿಸೆಂಬರಿನ ಒಂದು ಶುಕ್ರವಾರ ಕಿಟಕಿ ಸರಿಯಾಗಿ ಮುಚ್ಚಿರಲಿಲ್ಲ. ಮಂಚಮ್ಮ ಒಣಗಿದ ಬಟ್ಟೆ ತೆಗೆಯುತ್ತಿದ್ದವರು "ಕೆಂಪಾಗು" ಕೇಳಿಸಿಕೊಂಡರು. ಸಂಜೆಯೊಳಗೆ ಅದು ಮಂತ್ರವಾಯಿತು. ಮಂಗಳವಾರ ದಯಾಮಣಿಯಮ್ಮ ಕೆಲಸ ಮುಗಿಸಿ ಹೊರಬರುವಾಗ ನಮ್ಮ ಜಗಲಿಯ ಮುಂದೆ ಹನ್ನೆರಡು ಜನ ಇದ್ದರು. ಬೀದಿಯ ಸಂಘದ ಕಾಳಯ್ಯ ಮೊಬೈಲು ಎತ್ತಿ ಹಿಡಿದಿದ್ದರು.

"ಏನಮ್ಮ, ಹಾಸ್ಗೆ ಹಿಡ್ದಿರೋ ಮುದುಕೀನ ಮತಾಂತರ ಮಾಡ್ತಿದ್ದೀರಾ? ಒಳ್ಗಡೆ ಏನ್ ಮಂತ್ರ ಹೇಳೋದು ನೀವು?"

"ಯಾವ ಮಂತ್ರಾನೂ ಇಲ್ಲ."

"ಮತ್ತೆ ವಾರಕ್ಕೆರಡು ಸಲ ಬಸ್ ಹತ್ಕೊಂಡು ಯಾತಕ್ಕ್ ಬರೋದು? ಚಾಮುಂಡೇಶ್ವರಿ, ನೀನೇಳಮ್ಮ. ಯಾತಕ್ಕ್ ಬರ್ತಾರೆ ಇವ್ರು?"

ಎಲ್ಲರೂ ನನ್ನನ್ನು ನೋಡಿದರು. ಹುಣ್ಣು ತೊಳೆಯಲು ಎಂಬ ಎರಡು ಮಾತು ಸಾಕಿತ್ತು. ಅದನ್ನು ಹೇಳಿದರೆ ಯಾವ ಹುಣ್ಣು, ಯಾವಾಗ ಆಯಿತು, ಅಲ್ಲಿವರೆಗೆ ಸೊಸೆ ಏನು ಮಾಡುತ್ತಿದ್ದಳು ಎಂದೆಲ್ಲ ಬರುತ್ತಿತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನನ್ನ ಕೈ ಸೆರಗಿಗೆ ಹೋಯಿತು.

"ತಲೆ ಬಾಚ್ತಾರೆ ಅಂದ್ಕೊಂಡಿದ್ದೆ. ಬೇರೆ ನಂಗೇನೂ ಗೊತ್ತಿಲ್ಲ," ಅಂದೆ.

ದಯಾಮಣಿಯಮ್ಮನ ಚೀಲದಲ್ಲಿ ರಕ್ತ ಕೀವು ಹತ್ತಿದ ಬಟ್ಟೆ ಇತ್ತು. ಎಸೆಯಲು ತಾವೇ ಒಯ್ಯುತ್ತಿದ್ದರು. ಚೀಲ ಬಿಚ್ಚಿ ತೋರಿಸಿದ್ದರೆ ಅವರ ಮಾನ ಉಳಿದು ನನ್ನದು ಹೋಗುತ್ತಿತ್ತು. ಅವರು ನನ್ನನ್ನು ಒಂದು ಗಳಿಗೆ ನೋಡಿ, "ಹೌದು, ತಲೆ ಬಾಚೋಕೆ ಬರ್ತಿದ್ದೆ. ಇನ್ ಬರಲ್ಲ ಬುಡಿ," ಎಂದು ಕಾಳಯ್ಯನಿಗೆ ಹೇಳಿ ಬಸ್‌ಸ್ಟಾಪಿನ ಕಡೆ ನಡೆದರು. ಯಾರೋ ಹಿಂದಿನಿಂದ ಶಿಳ್ಳೆ ಹಾಕಿದರು. ವಿಡಿಯೋ ಅವರ ಚರ್ಚಿನವರೆಗೂ ಹೋಯಿತು. ಇಷ್ಟು ದಿನ ಪ್ರಾರ್ಥನೆ ಮಾಡಲಿಲ್ಲ ಎಂದು ದೂರುತ್ತಿದ್ದ ಕೂಟದವರೇ, ಪ್ರಾರ್ಥನೆ ಮಾಡಿ ಚರ್ಚಿನ ಹೆಸರು ಕೆಡಿಸಿದಿರಿ ಎಂದು ಅವರನ್ನು ಕಮಿಟಿಯಿಂದ ಇಳಿಸಿದರು.

ಆ ಮಧ್ಯಾಹ್ನ ನಾನೇ ಉಪ್ಪುನೀರು ಆರಿಸಿಕೊಂಡು ಅತ್ತೆಯ ಹತ್ತಿರ ಹೋಗಿ, ಇನ್ನು ಮೇಲೆ ನಾನೇ ತೊಳೀತೀನಿ ಅಂದೆ. ಜಗಲಿಯ ಮಾತೆಲ್ಲ ಅವರಿಗೆ ಕೇಳಿಸಿತ್ತು.

"ನನ್ ಮುಟ್ಟೋಳ್ನ ಓಡಿಸ್ಬುಟ್ಟೆ," ಅಂದರು. ಎಡಗೈಯಲ್ಲಿ ಹೊದಿಕೆ ಹಿಡಿದುಕೊಂಡರು. ಆಮೇಲೆ ಬಿಡಲೇ ಇಲ್ಲ. ನಾನು ಮಗ್ಗುಲು ತಿರುಗಿಸಲು ಹೋದರೆ ಮಂಚದ ಅಂಚು ಹಿಡಿದು ಕಲ್ಲಿನಂತೆ ಬಿಗಿಯುತ್ತಿದ್ದರು, ಕಚ್ಚಿದರು ಕೂಡ. ವಾರದೊಳಗೆ ಹುಣ್ಣು ಮತ್ತೆ ಬಾಯಿ ಬಿಟ್ಟಿತು.

ಕ್ರಿಸ್ಮಸ್ಸಿಗೆ ಎರಡು ದಿನ ಇರುವಾಗ ನಾನು ಬನ್ನಿಮಂಟಪಕ್ಕೆ ಹೋದೆ. ದಯಾಮಣಿಯಮ್ಮ ಕಜ್ಜಾಯ ಕರಿಯುತ್ತಿದ್ದರು. ಕೂತುಕೋ ಅನ್ನಲಿಲ್ಲ.

"ಎಷ್ಟಗಲ ಆಗ್ಯದೆ?"

ಕೈಯಲ್ಲಿ ತೋರಿಸಿದೆ.

"ವಾಸ್ನೆ?"

"ಬರ್ತಾ ಇದೆ. ಬನ್ನಿ ಅಮ್ಮ, ನಿಮ್ ಕಾಲ್ ಹಿಡ್ಕೋತೀನಿ."

"ನನ್ ಕಾಲ್ ಹಿಡ್ಕೊಂಡ್ರೆ ಅವರ ಹುಣ್ಣು ವಾಸಿ ಆಗಲ್ಲ." ಕಜ್ಜಾಯ ಮಗುಚಿ ಹಾಕಿದರು. "ನಾನಿನ್ನೂ ಹನ್ನೊಂದು ಮನೇಗ್ ಹೋಗ್ತೀನಿ. ಕೂಟದವ್ರು ಬೇಡ ಅಂದ್ರೂ ಹೋಗ್ತೀನಿ. ಮಂತ್ರ ಹಾಕೋಳು ಅಂತ ಆದ್ರೆ ಹನ್ನೊಂದು ಬಾಗ್ಲೂ ಮುಚ್ಕೋತವೆ. ಆ ಎದುರ್ಮನೆ ಹೆಂಗಸ್ನ ಒಳಕ್ಕೆ ಕರಿ. ಹುಣ್ಣು ತೋರ್ಸು. ಯಾತಕ್ಕೆ ಬರ್ತಿದ್ದೆ ಅಂತ ಅವರ ಕಣ್ಗೆ ಕಾಣ್ಲಿ. ತೋರ್ಸಿ ಫೋನ್ ಮಾಡು, ಮುಂದಿನ್ ಬಸ್ಸಿಗೇ ಬರ್ತೀನಿ."

ಸರಿ ಎಂದು ಬಂದೆ. ದಾರಿಯುದ್ದಕ್ಕೂ ಮಂಚಮ್ಮನಿಗೆ ಹೇಗೆ ಹೇಳುವುದೆಂದು ಮಾತು ಜೋಡಿಸಿದೆ. ಬೀದಿಗೆ ಕಾಲಿಟ್ಟಾಗ ಅವರು ಗೇಟಿನಲ್ಲೇ ಇದ್ದರು. "ಅತ್ತೆಗೆ ಔಷ್ಧಿ ತರಕ್ಕೋಗಿದ್ದೇನವ್ವ? ನಿನ್ ಕೈಗೆ ಬಿದ್ದಿದ್ಕೆ ಅವರು ಬದುಕ್ಕೊಂಡವ್ರೆ," ಅಂದರು. ಹೌದು ಅಂದೆ. ನಾಳೆ ತೋರಿಸೋಣ ಅಂದುಕೊಂಡೆ. ಕ್ರಿಸ್ಮಸ್ ಕಳೆಯಲಿ ಅಂದುಕೊಂಡೆ. ಸಂಕ್ರಾಂತಿಗೆ ಎಳ್ಳು ಕೊಡಲು ಹೋದಾಗ ಹೇಳುವುದೆಂದು ಹೋಗಿ, ಎಳ್ಳು ಕೊಟ್ಟು ಬಂದೆ. ಅಷ್ಟರಲ್ಲಿ ಅತ್ತೆಗೆ ಚಳಿಜ್ವರ ಹಿಡಿದಿತ್ತು. ಆಸ್ಪತ್ರೆಗೆ ಸೇರಿಸಿದೆವು. ನಂಜು ರಕ್ತಕ್ಕೆ ಹೋಗಿದೆ ಎಂದರು ಡಾಕ್ಟರು. ಐದನೇ ದಿನ ತೀರಿಕೊಂಡರು.

ದೇಹವನ್ನು ಮನೆಗೆ ತಂದೆವು. ಕೊನೆಯ ಸ್ನಾನವನ್ನು ಬೀದಿಯ ಹೆಂಗಸರೇ ಮಾಡಿಸಬೇಕು, ನಮ್ಮಲ್ಲಿ ಹಾಗೆ. ನಾನೊಬ್ಬಳೇ ಮಾಡಿಸುತ್ತೇನೆ ಅಂದೆ. ದುಃಖಕ್ಕೆ ಹಾಗಂತಾಳೆ ಎಂದುಕೊಂಡು ಯಾರೋ ನನ್ನ ಬೆನ್ನು ಸವರಿದರು. ಹಿತ್ತಲಲ್ಲಿ ನಾಲ್ಕು ಜನ ಸೀರೆ ಅಡ್ಡ ಹಿಡಿದರು. ಹಿರಿಯರೆಂದು ಮಂಚಮ್ಮನೇ ಅರಿಶಿನ ಹಚ್ಚಿ, ತಲೆಗೆ ನೀರು ಹುಯ್ದು, ಬೆನ್ನು ತೊಳೆಯಲು ಮಗ್ಗುಲು ತಿರುಗಿಸಿದರು.

ಸೀರೆ ಹಿಡಿದಿದ್ದವರಲ್ಲಿ ಒಬ್ಬಳು ಸೆರಗನ್ನು ಮೂಗಿಗೆ ಒತ್ತಿಕೊಂಡಳು. ಮಂಚಮ್ಮ ಚೊಂಬು ಕೆಳಗಿಟ್ಟರು.

"ಇದ್ಕಾ ಆಯಮ್ಮ ಬರ್ತಿದ್ದಿದ್ದು?"

"ಹೂಂ."

"ಕೆಂಪಾಗು ಅಂತಿದ್ದಿದ್ದು ಇದ್ಕಾ?"

"ಹೂಂ."

ಅವರು ನನ್ನ ಮುಖ ನೋಡಲಿಲ್ಲ. ಆಮೇಲೂ ಎಷ್ಟೋ ತಿಂಗಳು ನೋಡಲಿಲ್ಲ. ಬಳೆಗಳನ್ನು ಮೊಣಕೈಗೆ ಏರಿಸಿಕೊಂಡು, ಬರಿಗೈಯಲ್ಲೇ ಆ ಹುಣ್ಣನ್ನು ಸುತ್ತಲೂ ತೊಳೆದರು, ಸತ್ತವರಿಗೆ ನೋಯುತ್ತದೇನೋ ಎಂಬಷ್ಟು ಮೆಲ್ಲಗೆ.

"ನೀರು ತಣ್ಣಗಾಗೋಯ್ತು. ಬಿಸ್ನೀರ್ ತಗಂಬಾ," ಅಂದರು.

ನಾನು ಒಲೆಯ ಹತ್ತಿರ ಹೋದೆ.